ಸಮುದ್ರಕ್ಕೂ ಒಂದು ಖಡಕ್ ಎಚ್ಚರಿಕೆ

ಲಾಂಗ್ ವೀಕೆಂಡ್ ಹತ್ರ ಬಂತು ಅಂತ ಕ್ಯಾಲೆಂಡರ್ ನೋಡಿ ತಿಳ್ಕೊಳ್ಳೋ ಕಾಲ ಹೋಯ್ತು. ಹೆಚ್ಚು ದರ ವಸೂಲಿ ಮಾಡೋ ಖಾಸಗಿ ಬಸ್ಸಿನವರಿಗೆ ಖಡಕ್ ಎಚ್ಚರಿಕೆ ಅಂತ ಪೇಪರಲ್ಲಿ ಬಂತು ಅಂದ್ರೆ ಮುಗೀತು, ಬ್ಯಾಗ್ ಪ್ಯಾಕ್ ಮಾಡ್ಬಹುದು. ಗಣೇಶನಿಗೊಂದು ಎಚ್ಚರಿಕೆ, ದಸರಾಕ್ಕೊಂದು, ದೀಪಾವಳಿಗೊಂದು, ಕ್ರಿಸ್‌ಮಸ್ಸಿಗೊಂದು. ಸರ್ಕಾರ ಯಾವ ಪಕ್ಷದ್ದೇ ಇರಲಿ, ಸಚಿವರು ಯಾರೇ ಆಗಿರಲಿ, ಇದು ಮಾತ್ರ ತಪ್ಪಲ್ಲ. ಪಂಚಾಂಗದಲ್ಲಿ ರಾಹುಕಾಲ, ಗುಳಿಕಕಾಲದ ಪಕ್ಕ ಎಚ್ಚರಿಕೆಕಾಲ ಅಂತ ಒಂದು ಕಾಲಂ ಹಾಕ್ಬಿಟ್ರೆ ಜನಕ್ಕೂ ಪ್ಲಾನ್ ಮಾಡ್ಕೊಳ್ಳೋಕೆ ಅನುಕೂಲ.

ಎಚ್ಚರಿಕೆ ಬಂದ ದಿನ ಸಾಯಂಕಾಲ ಆ್ಯಪ್ ಓಪನ್ ಮಾಡಿ ನೋಡಿ. ಮಾಮೂಲಿ ದಿನದ ರೇಟು ಮೂರು ಪಟ್ಟಾಗಿರುತ್ತೆ. ಬೆಳಿಗ್ಗೆ ಎರಡೂವರೆ ಪಟ್ಟಿತ್ತು, ಎಚ್ಚರಿಕೆಯ ಖರ್ಚು ಸೇರಿಸಿ ಮೂರಾಯ್ತು ಅಂತ ಕಾಣುತ್ತೆ.

ಇದರ ಹಿಂದೆ ಒಂದು ಅದ್ಭುತವಾದ ಕಾನೂನು ಇದೆ, ನಂಗಂತೂ ಅದನ್ನ ನೆನೆಸ್ಕೊಂಡಾಗೆಲ್ಲ ಮೈ ಪುಳಕ ಆಗುತ್ತೆ. ಒಬ್ಬೊಬ್ಬರಿಗೆ ಟಿಕೆಟ್ ಕೊಟ್ಟು, ದಾರಿಲಿ ಹತ್ತಿಸ್ಕೊಂಡು ಇಳಿಸ್ಕೊಂಡು ಹೋಗೋ ಬಸ್ಸಿಗೆ ಸ್ಟೇಜ್ ಕ್ಯಾರೇಜ್ ಪರ್ಮಿಟ್ ಬೇಕು, ಅದರ ದರ ಸರ್ಕಾರ ಫಿಕ್ಸ್ ಮಾಡುತ್ತೆ. ಆದರೆ ರಾತ್ರಿ ಬೆಂಗಳೂರಿನ ಆನಂದರಾವ್ ಸರ್ಕಲ್ಲಿಂದ ಕರಾವಳಿಗೆ ಹೊರಡೋ ನಮ್ಮ ಸ್ಲೀಪರ್ ಬಸ್ಸುಗಳು ಓಡೋದು ಕಾಂಟ್ರ್ಯಾಕ್ಟ್ ಕ್ಯಾರೇಜ್ ಪರ್ಮಿಟ್ಟಲ್ಲಿ. ಅಂದ್ರೆ ಒಂದು ಗುಂಪು ಇಡೀ ಬಸ್ಸನ್ನ ಬಾಡಿಗೆಗೆ ತಗೊಂಡು ಒಟ್ಟಿಗೆ ಹೊರಟಿದೆ ಅಂತ ಲೆಕ್ಕ. ಹಾಗಾಗಿ ಮೇಲಿನ ಬರ್ತಲ್ಲಿ ಕಾಲು ಮಡಚ್ಕೊಂಡು ಮಲಗಿರೋ ಕೋಡಿಂಗ್ ಹುಡುಗ, ಕೆಳಗೆ ಮೊಮ್ಮಗುನ ನೋಡೋಕೆ ಕುಂದಾಪುರಕ್ಕೆ ಹೊರಟಿರೋ ಅಜ್ಜಿ, ಹಿಂದಿನ ಸೀಟಲ್ಲಿ ಗೋಕರ್ಣ ಗೋಕರ್ಣ ಅಂತ ಕೂಗ್ತಿರೋ ಆರು ಜನ, ನಾನು, ಎಲ್ರೂ ಕಾನೂನಿನ ಕಣ್ಣಲ್ಲಿ ಒಂದೇ ದಿಬ್ಬಣ. ಮದುಮಗ ಯಾರು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ದಿಬ್ಬಣದವರು ಬಸ್ಸಿಗೆ ಎಷ್ಟು ಬಾಡಿಗೆ ಕೊಟ್ರು ಅಂತ ಕೇಳೋಕೆ ಸರ್ಕಾರ ಯಾರು? ದರ ಅಂತ ಒಂದು ನಿಗದಿನೇ ಆಗಿಲ್ಲದ ಕಡೆ ಹೆಚ್ಚು ದರ ಅಂದ್ರೆ ಯಾವುದಕ್ಕಿಂತ ಹೆಚ್ಚು? ಅದಕ್ಕೇ ಹೇಳೋದು, ಎಚ್ಚರಿಕೆ ಕೊಡೋದು ಬಹಳ ಸೇಫು. ಕ್ರಮ ತಗೊಳ್ಳೋಕೆ ಹೋದ್ರೆ ಮೊದಲು ಈ ದಿಬ್ಬಣವೇ ಸುಳ್ಳು ಅಂತ ಒಪ್ಕೋಬೇಕಾಗುತ್ತೆ, ಒಪ್ಕೊಂಡ್ರೆ ಅಷ್ಟೂ ಬಸ್ಸು ನಿಲ್ಲಿಸ್ಬೇಕಾಗುತ್ತೆ, ನಿಲ್ಲಿಸಿದ್ರೆ ಅಷ್ಟು ಜನಾನ ಕರ್ಕೊಂಡು ಹೋಗೋಕೆ ಸರ್ಕಾರದ ಹತ್ರ ಬಸ್ಸಿರ್ಬೇಕಾಗುತ್ತೆ. ಬಿಡಿ, ಎಚ್ಚರಿಕೆನೇ ಇರಲಿ.

ರೈಲಿದೆಯಲ್ಲ ಅಂತೀರಾ. ಇದೆ ಸ್ವಾಮಿ, ಪಂಚಗಂಗಾ ಅಂತ ಚಂದದ ಹೆಸರಿನ ರೈಲು, 2020ರಿಂದ ಕಾರವಾರಕ್ಕೆ ಓಡ್ತಿದೆ. ಅರವತ್ತು ದಿನ ಮುಂಚೆ ಬುಕಿಂಗ್ ಓಪನ್ ಆಗುತ್ತೆ, ನೀವು ಓಟಿಪಿ ಟೈಪ್ ಮಾಡೋವಷ್ಟರಲ್ಲಿ ವೇಟಿಂಗ್ ಲಿಸ್ಟು. ಸಕಲೇಶಪುರದಿಂದ ಸುಬ್ರಹ್ಮಣ್ಯದ ತನಕ 55 ಕಿಲೋಮೀಟರ್ ಘಾಟಿ, 57 ಸುರಂಗ. ಈ ಲೈನು ಮೊದಲು ಶುರುವಾಗಿದ್ದು 1979ರಲ್ಲಿ. ಆಗಲೇ ಅಷ್ಟು ಸುರಂಗ ಕೊರೆದವರು ನಾವು. ಈಗ ಪಕ್ಕದ ಶಿರಾಡಿ ರಸ್ತೆಗೆ ಒಂದು ಸುರಂಗ ಮಾರ್ಗ ಮಾಡ್ತೀವಿ ಅಂತ ಹತ್ತು ವರ್ಷಕ್ಕಿಂತ ಜಾಸ್ತಿ ಆಯ್ತು ಹೇಳ್ತಾ, ಸರ್ವೆ ಆಯ್ತು, ಡಿಪಿಆರ್ ಅನ್ನೋ ಯೋಜನಾ ವರದಿ ಆಯ್ತು, ಮತ್ತೆ ಸರ್ವೆ ಆಯ್ತು. ಅಲ್ಲೀತನಕ ಮಳೆಗಾಲದಲ್ಲಿ ದೊಡ್ಡತಪ್ಪಲೆ ಹತ್ರ ಮಣ್ಣು ಕುಸಿಯುತ್ತೆ, ಚಾರ್ಮಾಡಿಲಿ ಹೋಗಿ ಅಂತಾರೆ, ಅಲ್ಲಿ ಮರ ಬೀಳುತ್ತೆ, ಆಗುಂಬೆಲಿ ಹೋಗಿ ಅಂತಾರೆ, ಅಲ್ಲಿ ದೊಡ್ಡ ಗಾಡಿ ಬಿಡಲ್ಲ. ಬೆಂಗಳೂರಿಂದ ಮಂಗಳೂರಿಗೆ 350 ಕಿಲೋಮೀಟರ್ ಅಂತ ಮೈಲುಗಲ್ಲು ಹೇಳುತ್ತೆ. ಮೈಲುಗಲ್ಲು ಯಾವತ್ತೂ ಆ ರೋಡಲ್ಲಿ ಓಡಾಡಿಲ್ಲ, ಪಾಪ.

ಇಷ್ಟಾದ್ರೂ ಹೋಗ್ತೀವಿ. ಯಾಕೆ ಹೋಗ್ಬಾರ್ದು? ಬಯಲುಸೀಮೆಯ ಧೂಳು ಕುಡ್ಕೊಂಡು ಸಿಲ್ಕ್ ಬೋರ್ಡಲ್ಲಿ ಆಯಸ್ಸು ಸವೆಸೋ ಜನಕ್ಕೆ ಒಂದು ರಾತ್ರಿ ಕಳೆದ್ರೆ ಆ ಕಡೆ ಏನಿದೆ ನೋಡಿ. 320 ಕಿಲೋಮೀಟರ್ ಕಡಲ ತೀರ. ಗೋಕರ್ಣದ ಓಂ ಬೀಚಿಂದ ಹಾಫ್ ಮೂನ್ ಬೀಚಿಗೆ ಗುಡ್ಡದ ಮೇಲೆ ಕುರುಚಲು ಕಾಡಲ್ಲಿ ನಡ್ಕೊಂಡು ಹೋಗೋ ದಾರಿ. ಹೊನ್ನಾವರದಲ್ಲಿ ಶರಾವತಿ ಹಿನ್ನೀರ ಪಕ್ಕ ಕಾಂಡ್ಲಾ ಕಾಡಿನ, ಅಂದ್ರೆ ಮ್ಯಾಂಗ್ರೋವ್ ಕಾಡಿನ ಒಳಗೆ ಮರದ ಹಲಗೆ ಹಾಕಿದಾರೆ, ಅಲ್ಲಿ ಬೆಳಿಗ್ಗೆ ಹೋದ್ರೆ ಏಡಿ ಓಡಾಡೋ ಸದ್ದು ಕೇಳುತ್ತೆ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ತನಕ ನೀರಲ್ಲಿ ನಿಂತು ಬಳಚು ಅನ್ನೋ ಚಿಪ್ಪುಮೀನು ಆರಿಸ್ತಾರೆ. ಅಣೆಕಟ್ಟು ಇಲ್ಲದೆ ಹರಿದು ಸಮುದ್ರ ಸೇರೋ ಹೊಳೆ ಅದು, 2024ರಲ್ಲಿ ಅದರ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರ್ತು. ಗಜನಿ ಅಂತ ಕರೆಯೋ ಅಳಿವೆ ಪಕ್ಕದ ತಗ್ಗು ಗದ್ದೆಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ. ಇದೆಲ್ಲ ಇರೋ ಊರಿಗೆ ಹೋಗಿ ನಮ್ಮವರು ಕೇಳೋ ಮೊದಲನೇ ಪ್ರಶ್ನೆ, ಬ್ರೋ ಇಲ್ಲಿ ವೈಫೈ ಇದೆಯಾ.

ಎರಡನೇ ಪ್ರಶ್ನೆ, ಫ್ರೆಶ್ ಫಿಶ್ ಇದೆಯಾ. ಇದರ ಬಗ್ಗೆ ಒಂದೆರಡು ಮಾತು ಹೇಳ್ಲೇಬೇಕು. ಜೂನ್ ಒಂದರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳು ಸಮುದ್ರಕ್ಕೆ ಇಳಿಯಂಗಿಲ್ಲ, ಮೀನು ಮರಿ ಹಾಕೋ ಕಾಲ, 61 ದಿನ ನಿಷೇಧ. ಮಲ್ಪೆ ಬಂದರಲ್ಲಿ ಬೋಟೆಲ್ಲ ಸಾಲಾಗಿ ಕಟ್ಟಿ ನಿಲ್ಸಿರ್ತಾರೆ. ಸರಿಯಾಗಿ ಆಗಲೇ ನಮ್ಮ ಬೆಂಗಳೂರಿನ ಮಾನ್ಸೂನ್ ಟ್ರಿಪ್ ಗ್ಯಾಂಗು ಅಲ್ಲಿಗೆ ಹೋಗಿ, ಹೊರಗೆ ಕಡಲು ತೆಂಗಿನ ಮರದ ಬುಡ ಕಿತ್ತು ತಿಂತಿರೋವಾಗ, ಒಳಗೆ ಕೂತು ಇವತ್ತಿನ ಕ್ಯಾಚ್ ಏನು ಅಂತ ಕೇಳುತ್ತೆ. ಹೋಟೆಲಿನವನು ಪಾಪ ಒಳ್ಳೆ ಮನುಷ್ಯ, ಅಂಜಲ್ ಇದೆ ಸರ್ ಅಂತಾನೆ. ಬೇರೆ ಯಾವುದೋ ರಾಜ್ಯದಿಂದ ಐಸ್ ಡಬ್ಬಿಲಿ ನಮಗಿಂತ ಆರಾಮಾಗಿ ಕಾಲು ಚಾಚ್ಕೊಂಡು ಬಂದಿರೋ ಅಂಜಲ್ ಅದು. ಯಶವಂತಪುರದಲ್ಲಿ ತಿಂದಿದ್ರೆ ಅರ್ಧ ರೇಟು. ಅದರ ಫೋಟೋ ತೆಗೆದು, ಕೆಳಗೆ ಬ್ಯಾಕ್ ಟು ರೂಟ್ಸ್ ಅಂತ ಬರೆದು ಹಾಕೋದು ಬೇರೆ. ಯಾರ ಬೇರು, ಎಲ್ಲಿಯ ಬೇರು, ಹೊಸಕೋಟೆಯವನು ಮಾರಾಯ ನೀನು.

ಸರ್ಕಾರಕ್ಕೂ ಕರಾವಳಿ ಮೇಲೆ ಬಹಳ ಪ್ರೀತಿ. ಗೋವಾ ಥರಾ ಮಾಡ್ತೀವಿ ಅಂತಾರೆ. ನಾನು ಸ್ಕೂಲಲ್ಲಿದ್ದಾಗಿಂದಾನೂ ಗೋವಾ ಥರಾ ಮಾಡ್ತಾನೇ ಇದಾರೆ, ನಡುನಡುವೆ ಕೇರಳ ಥರಾನೂ ಮಾಡ್ತಾರೆ. ಕಡಲ ತೀರದಲ್ಲಿ ಕಟ್ಟೋದಕ್ಕೆ ಮಿತಿ ಹಾಕೋ ಸಿಆರ್‌ಝಡ್ ನಿಯಮ ಸಡಿಲಿಸಿ ಅಂತ ದೆಲ್ಲಿಗೆ ಕಾಗದ ಬರೀತಾರೆ. ಕಾಗದದಲ್ಲಿ ವಾಟರ್ ಸ್ಪೋರ್ಟ್ಸು, ಹೌಸ್ ಬೋಟು, ಕೇಬಲ್ ಕಾರು. ನೆಲದ ಮೇಲೆ ಹೋಗಿ ನೋಡಿದ್ರೆ ಅಪಾಯ, ಈಜಬೇಡಿ ಅಂತ ಒಂದು ಕೆಂಪು ಬೋರ್ಡು, ಅದಕ್ಕೊರಗಿ ನಿಂತು ರೀಲ್ಸ್ ಮಾಡ್ತಿರೋ ನಾವು.

ಹೆದ್ದಾರಿ 66ರದ್ದಂತೂ ಬೇರೆ ಪುರಾಣ. ಗೋವಾ ಗಡಿಯಿಂದ ಕುಂದಾಪುರದ ತನಕ ಚತುಷ್ಪಥದ ಕೆಲಸ ಶುರುವಾಗಿ ಹತ್ತು ವರ್ಷ ದಾಟ್ತು, ಕೆಲಸ ಮುಗಿಯೋಕ್ ಮುಂಚೆನೇ ಟೋಲ್ ಗೇಟು ಕಟ್ಟಿ ರೆಡಿ. ಹಟ್ಟಿಕೇರಿ, ಹೊಳೆಗದ್ದೆ, ಶಿರೂರು. ಹಣ ತಗೊಳ್ಳೋ ಜಾಗ ಮಾತ್ರ ಯಾವಾಗಲೂ ಟೈಮಿಗೆ ಕಟ್ಟಿ ಮುಗಿಸ್ತಾರೆ, ಆ ಇಂಜಿನಿಯರುಗಳನ್ನೇ ಸೇತುವೆಗೂ ಹಾಕಿದ್ರೆ ಆಗಲ್ವಾ. ಸುರತ್ಕಲ್ಲಿನವರು ವರ್ಷಗಟ್ಟಲೆ ಧರಣಿ ಕೂತು 2022ರ ಡಿಸೆಂಬರಲ್ಲಿ ಅಲ್ಲಿನ ಟೋಲ್ ನಿಲ್ಲಿಸಿದ್ರು, ಅವರ ತಾಳ್ಮೆಗೆ ಒಂದು ನಮಸ್ಕಾರ.

ಟೋಲ್ ಇರೋ ಶಿರೂರು ಬೈಂದೂರಿನ ಹತ್ರದ್ದು. ಇನ್ನೊಂದು ಶಿರೂರು ಅಂಕೋಲೆಯದು, ಅದು ನಿಮಗೆ ಗೊತ್ತೇ ಇದೆ. 2024ರ ಜುಲೈ 16. ರಸ್ತೆಗೆ ಅಂತ ಗುಡ್ಡಾನ ನೆಟ್ಟಗೆ ಗೋಡೆ ಥರ ಕಡಿದು ಬಿಟ್ಟಿದ್ರು, ಮಳೆ ಬಂತು, ಗುಡ್ಡ ಕೆಳಗೆ ಬಂತು, ಚಹಾ ಅಂಗಡಿ ಮನೆಮಂದಿ ಸಮೇತ ಹೋಯ್ತು, ಲಾರಿಯೊಂದು ಸೆಪ್ಟೆಂಬರ್ ಕೊನೆವರೆಗೂ ಗಂಗಾವಳಿ ಹೊಳೆ ತಳದಲ್ಲಿ ಬಿದ್ದಿತ್ತು. ಮೂರು ವಾರದಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ಮುರಿದು ನದಿಗೆ ಬಿತ್ತು. ಈಗಲೂ ಆ ರೋಡಲ್ಲಿ ಹೋಗ್ತಾ ಮೇಲೆ ನೋಡಿದ್ರೆ ಕೆಂಪು ಮಣ್ಣು ಬಾಯ್ಬಿಟ್ಕೊಂಡು ನಿಂತಿರುತ್ತೆ, ಕೆಳಗೆ ಬೋರ್ಡು, ಗುಡ್ಡ ಕುಸಿಯುವ ಪ್ರದೇಶ, ನಿಧಾನವಾಗಿ ಚಲಿಸಿ. ನಿಧಾನವಾಗಿ! ಕುಸಿಯೋ ಗುಡ್ಡದ ಕೆಳಗೆ ಯಾವನಾದ್ರೂ ನಿಧಾನವಾಗಿ ಹೋಗ್ತಾನಾ?

ನಮ್ಮ ಕಸಿನ್ ಒಬ್ಬ ಸಿಡ್ನಿಲಿದಾನೆ, ವಾಟ್ಸಾಪ್ ಕಾಲಲ್ಲಿ ಹೊಟ್ಟೆ ಉರಿಸೋದೇ ಅವನ ಹಾಬಿ. ಸಿಡ್ನಿಯಿಂದ ಬಡಗು ದಿಕ್ಕಿಗೆ ಸೆಂಟ್ರಲ್ ಕೋಸ್ಟ್ ಅಂತ ಒಂದು ಸೀಮೆ ಇದೆಯಂತೆ, ಅಲ್ಲೂ ಇದೇ ಐಟಮ್ಮು, ಬೀಚು, ಕಾಡು, ಹಿನ್ನೀರು. ಗಾಸ್‌ಫರ್ಡಿಗೆ ಮಾಮೂಲಿ ಲೋಕಲ್ ಟ್ರೈನಲ್ಲಿ ಕೂತ್ಕೊಂಡ್ರೆ ಸುಮಾರು 80 ಕಿಲೋಮೀಟರ್, ದಾರಿಲಿ ಹಾಕ್ಸ್‌ಬರಿ ನದಿ ಮೇಲೆ ರೈಲು ಸೇತುವೆ, ರಿಸರ್ವೇಷನ್ ಇಲ್ಲ, ದಿಬ್ಬಣ ಇಲ್ಲ. ದಿ ಎಂಟ್ರೆನ್ಸ್ ಅಂತ ಒಂದು ಊರಲ್ಲಿ ವರ್ಷಾನುಗಟ್ಟಲೆ ಮಧ್ಯಾಹ್ನ ಮೂರೂವರೆಗೆ ಪೆಲಿಕನ್ ಹಕ್ಕಿಗಳಿಗೆ ಮೀನು ಹಾಕ್ತಿದ್ರಂತೆ, ಹಕ್ಕಿಗಳು ಕರೆಕ್ಟ್ ಟೈಮಿಗೆ ಬಂದು ಕಾಯ್ತಿದ್ವಂತೆ. ಅಲ್ಲಿ ಹಕ್ಕಿಗೂ ಟೈಮ್ ಟೇಬಲ್ಲು. ನಮಗೆ ಹತ್ತೂಕಾಲಿನ ಬಸ್ಸು ಹನ್ನೆರಡಕ್ಕೆ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿದ್ರೆ ಹಬ್ಬ. ಲಾಂಗ್ ವೀಕೆಂಡಲ್ಲಿ ಅವರ ಹೈವೇನೂ ಜಾಮ್ ಆಗುತ್ತೆ ಅಂತ ಅವನೇ ಬಾಯಿ ತಪ್ಪಿ ಹೇಳ್ದ, ಆವತ್ತು ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡ್ದೆ.

ಆದ್ರೆ ಅವನು ಹೇಳಿದ ಒಂದು ವಿಷಯ ಮಾತ್ರ ತಲೇಲಿ ಕೂತ್ಬಿಡ್ತು. ಅಲ್ಲಿ ಬೀಚಲ್ಲಿ ಕೆಂಪು ಹಳದಿ ಬಾವುಟ ಎರಡು ನೆಡ್ತಾರೆ, ಆ ಎರಡರ ಮಧ್ಯೆ ಈಜಿ ಅಂತಾರೆ, ಯಾಕಂದ್ರೆ ಅಲ್ಲಿ ಕಾವಲಿದೆ. ಕಾಯೋರಲ್ಲಿ ಎಷ್ಟೋ ಜನ ಸಂಬಳ ಇಲ್ಲದ ವಾಲಂಟಿಯರುಗಳು, ನೂರು ವರ್ಷಕ್ಕಿಂತ ಹಳೇ ಪದ್ಧತಿ. ಅಲ್ಲಿಯ ಬಾವುಟ ಎಲ್ಲಿ ಇಳೀಬಹುದು ಅಂತ ತೋರಿಸುತ್ತೆ. ನಮ್ಮ ಬೋರ್ಡು ಇಳಿದ್ರೆ ನಾವು ಜವಾಬ್ದಾರರಲ್ಲ ಅಂತ ಹೇಳುತ್ತೆ, ಅಷ್ಟೇ.

ಮುರುಡೇಶ್ವರ. 2024ರ ಡಿಸೆಂಬರ್. ಕೋಲಾರ ಜಿಲ್ಲೆಯ ವಸತಿ ಶಾಲೆಯಿಂದ ಟೂರ್ ಬಂದ ಹೆಣ್ಣುಮಕ್ಕಳು. ಸಾವಿರ ಅಡಿ ಬೋರ್ ಕೊರೆದ್ರೂ ನೀರು ಕಾಣದ ಸೀಮೆ ಅದು, ಆ ಮಕ್ಕಳಿಗೆ ಅಷ್ಟೊಂದು ನೀರು ನೋಡಿದ್ರೆ ಓಡಿ ಹೋಗದೇ ಇರೋಕೆ ಹೇಗೆ ಸಾಧ್ಯ? ಕೆಲವರನ್ನ ಎಳ್ಕೊಂಡು ಬಂದ್ರು. ನಾಲ್ಕು ಮಕ್ಕಳು ಬರ್ಲಿಲ್ಲ. ಆಮೇಲೆ ಮಾಮೂಲಿ, ಶಾಲೆಯವರ ಮೇಲೆ ಕೇಸು, ಸಸ್ಪೆನ್ಷನ್, ಪರಿಹಾರ, ಬೀಚ್ ಬಂದ್. ಬೀಚ್ ಬಂದ್ ಮಾಡಿದ್ರಂತೆ! ಮಕ್ಕಳು ಹೋದ್ಮೇಲೆ. ಇದರಲ್ಲಿ ತಮಾಷೆ ಮಾಡೋಕೆ ನಂಗೆ ಬರ್ತಿಲ್ಲ, ಕ್ಷಮಿಸಿ. ವರ್ಷಾ ವರ್ಷ ಡಿಸೆಂಬರಲ್ಲಿ ರಾಜ್ಯದ ಮೂಲೆಮೂಲೆಯಿಂದ ಸ್ಕೂಲ್ ಬಸ್ಸುಗಳು ಇದೇ ದಾರಿಲಿ ಬರ್ತವೆ, ಇದೇ ನಾಲ್ಕೈದು ಬೀಚಿಗೆ ಬರ್ತವೆ, ಎಷ್ಟೊತ್ತಿಗೆ ಬರ್ತವೆ ಅಂತ ಕಡಲೆಕಾಯಿ ಮಾರೋನಿಗೂ ಗೊತ್ತು. ಒಂದು ಹಗ್ಗ ಕಟ್ಟಿ, ಎರಡು ಬಾವುಟ ನೆಟ್ಟು, ಸಾಕಷ್ಟು ಜನ ಲೈಫ್ ಗಾರ್ಡುಗಳನ್ನ ಇಟ್ಟು, ಅವರಿಗೆ ತಿಂಗಳಾ ತಿಂಗಳಾ ಸಂಬಳ ಕೊಡೋಕೆ ಯಾವ ಡಿಪಿಆರ್ ಬೇಕು? ಯಾವ ಸಿಆರ್‌ಝಡ್ ಅಡ್ಡ ಬಂತು? ಸಾಕಾಗಿದೆ ನಿಜವಾಗಲೂ.

ಮಾಡೋಕೆ ಬರಲ್ಲ ಅಂತೇನಿಲ್ಲ ನೋಡಿ, ಅದೇ ಇನ್ನೂ ಸಿಟ್ಟು. ಪಡುಬಿದ್ರಿ, ಹೊನ್ನಾವರದ ಕಾಸರಕೋಡು, ಎರಡೂ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂತು, ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೋ ವಿದೇಶಿ ಸರ್ಟಿಫಿಕೇಟು ಅದು. ಅದಕ್ಕೆ 33 ಷರತ್ತು, ನೀರು ಶುದ್ಧ ಇರ್ಬೇಕು, ಶೌಚಾಲಯ ಇರ್ಬೇಕು, ಕಾವಲು ಇರ್ಬೇಕು. ವಿದೇಶದಿಂದ ಬಂದು ಚೆಕ್ ಮಾಡ್ತಾರೆ ಅಂದಾಗ ಎಲ್ಲಾ ಸರಿ ಹೋಯ್ತು. ಕೋಲಾರದ ಮಕ್ಕಳು ಬರ್ತಾರೆ ಅಂದ್ರೆ ಯಾರು ಚೆಕ್ ಮಾಡ್ತಾರೆ.

ಆ ಕಾಸರಕೋಡಲ್ಲೇ ಟೊಂಕ ಅಂತ ಮೀನುಗಾರರ ಕೇರಿ ಇದೆ. ಅಲ್ಲಿ ಖಾಸಗಿ ಬಂದರು ಬರ್ಬೇಕಂತೆ, ಬಂದರಿಗೆ ಮರಳಿನ ಮೇಲೆ ರಸ್ತೆ ಆಗ್ಬೇಕಂತೆ. ಅದೇ ಮರಳಲ್ಲಿ ಆಲಿವ್ ರಿಡ್ಲೆ ಆಮೆಗಳು ಬಂದು ಮೊಟ್ಟೆ ಇಡ್ತವೆ. ಒಂದು ಇಲಾಖೆ ಆಮೆ ಮೊಟ್ಟೆ ಸುತ್ತ ಬಲೆ ಕಟ್ಟುತ್ತೆ, ಇನ್ನೊಂದು ಇಲಾಖೆ ಪಕ್ಕದಲ್ಲೇ ರಸ್ತೆ ಅಳತೆಗೆ ಪೊಲೀಸರ ಜೊತೆ ಬರುತ್ತೆ, ಮೂರನೇ ಇಲಾಖೆ ಅದೇ ತೀರದ ನೀಲಿ ಬಾವುಟದ ಫೋಟೋ ಬ್ರೋಷರಿಗೆ ಹಾಕಿ ಬನ್ನಿ ಬನ್ನಿ ಅಂತ ನಮ್ಮನ್ನ ಬೆಂಗಳೂರಿಂದ ಕರೆಯುತ್ತೆ. ಬೇಡ ಅಂತ ಅಡ್ಡ ಕೂತ ಮೀನುಗಾರರ ಮೇಲೆ ಕೇಸು. ಅವರಲ್ಲಿ ಹೆಂಗಸರೂ ಇದ್ರು, ಸಮುದ್ರಕ್ಕೇ ಇಳಿದು ನಿಂತ್ಕೊಂಡಿದ್ರು. ಆ ಫೋಟೋನ ಯಾವ ಬ್ರೋಷರೂ ಹಾಕ್ಲಿಲ್ಲ.