ಪಾದದ ಕೆಳಗಿನ ಕರಿ ಪ್ಲಾಸ್ಟಿಕ್ಕು

ನಿನ್ನೆ, ಭಾನುವಾರ, ಇಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನಮ್ಮ ಕ್ಲಬ್ಬಿನ ಪಂದ್ಯಾವಳಿ ಇತ್ತು, ಪುಟ್ಟ ಗೊಂಬೆಗಳ ಸೈನ್ಯವನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ‘ಓಲ್ಡ್ ವರ್ಲ್ಡ್’ ಎಂಬ ಯುದ್ಧದಾಟದ್ದು. ಎರಡನೆಯ ಸುತ್ತಿನಲ್ಲಿ ನನ್ನೆದುರು ಬಂದವರು ತಮ್ಮ ಪೆಟ್ಟಿಗೆಯಿಂದ ಹೈ ಎಲ್ಫ್ ಎಂಬ ಕಾಲ್ಪನಿಕ ಜನಾಂಗದ ಈಟಿಗಾರರನ್ನು ಒಬ್ಬೊಬ್ಬರನ್ನಾಗಿ ತೆಗೆದು ಮೇಜಿನ ಮೇಲೆ ಇಡತೊಡಗಿದಾಗ ನಾನು ನನ್ನ ಸೈನ್ಯವನ್ನು ಜೋಡಿಸುವುದನ್ನೇ ಮರೆತು ಬಗ್ಗಿ ನೋಡಿದೆ. ಹೆಬ್ಬೆರಳಿನ ಅರ್ಧದಷ್ಟಿರುವ ಗೊಂಬೆಯ ಮುಖದಲ್ಲಿ ಹುಬ್ಬಿದೆ, ಕಣ್ಣಿನ ಬಿಳಿ ಇದೆ, ಕೆಳತುಟಿಯ ಮೇಲೆ ತೆಳುವಾದ ಗುಲಾಬಿ ಇದೆ. ಗುರಾಣಿಯ ಅಂಚಿಗೆ ಕೂದಲೆಳೆಯಂಥ ಚಿನ್ನದ ಗೆರೆ, ಬಿಳಿ ನಿಲುವಂಗಿಯ ಪ್ರತಿ ಮಡಿಕೆಯ ಒಳಗೆ ನೀಲಿಯ ನೆರಳು. ಇಷ್ಟನ್ನೂ ನೋಡಿ ಮೆಚ್ಚಿ ಕಣ್ಣು ಕೆಳಗಿಳಿಸಿದರೆ, ಪಾದದ ಕೆಳಗೆ ಬರಿಯ ಕರಿ ಪ್ಲಾಸ್ಟಿಕ್ಕು. ನಲವತ್ತು ಈಟಿಗಾರರು, ನಲವತ್ತು ಕರಿ ಚೌಕಗಳು. ಒಂದೆರಡರಲ್ಲಿ ಪಾದದಿಂದ ಸೋರಿದ ಸೂಪರ್ ಗ್ಲೂ ಬೆಳ್ಳಗೆ ಒಣಗಿ ಹಾಗೆಯೇ ಉಳಿದಿತ್ತು.

ಗೊಂಬೆ ನಿಲ್ಲುವ ಪೀಠಕ್ಕೆ ನೆಲ ಯಾಕೆ ಮಾಡಿಲ್ಲ ಎಂದು ಕೇಳಿದೆ. “ಅದು ಆಮೇಲೆ ಮಾಡಿದರಾಯಿತು. ಅಷ್ಟಕ್ಕೂ ನೆಲವನ್ನು ಯಾರು ನೋಡುತ್ತಾರೆ?” ಎಂದರು. ಸೈನ್ಯ ಮುಗಿದು ಮೂರು ವರ್ಷವಾಯಿತಂತೆ.

ನಾನು ನೋಡಿದೆನಲ್ಲ! ಮೂರು ಗಂಟೆಯ ಆಟದುದ್ದಕ್ಕೂ ಅದನ್ನೇ ನೋಡಿದೆ. ರಾತ್ರಿ ಮನೆಗೆ ಬಂದ ಮೇಲೂ ಕಣ್ಣಿನ ಮುಂದೆ ಅದೇ ಇತ್ತು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಈ ಹುಚ್ಚು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಾನು ಬಂದು ನೆಲೆಸಿರುವ ಈ ಊರು ಇಂಥ ಗೊಂಬೆಗಳ ತವರು. 1975ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಕೇಂದ್ರ ಈಗ ಇಲ್ಲಿನ ಲೆಂಟನ್‌ನಲ್ಲಿದೆ. 1983ರಲ್ಲಿ ಅವರು ತಂದ ‘ವಾರ್‌ಹ್ಯಾಮರ್’ ಆಟದಲ್ಲಿ ಎಲ್ಫ್, ಕುಳ್ಳರು, ರಾಕ್ಷಸರಂಥ ಓರ್ಕ್‌ಗಳು, ಎದ್ದು ಬಂದ ಅಸ್ಥಿಪಂಜರಗಳು ಸಾಲುಗಟ್ಟಿ ಮೇಜಿನ ಮೇಲೆ ಯುದ್ಧ ಮಾಡುತ್ತವೆ. ಗೊಂಬೆಗಳು ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತವೆ. ಕತ್ತರಿಸಿ, ಅಂಟಿಸಿ, ಪ್ರೈಮರ್ ಹೊಡೆದು, ಬಣ್ಣ ಹಚ್ಚಿ ಸೈನ್ಯ ಕಟ್ಟುವುದು ನಮ್ಮದೇ ಕೆಲಸ, ನಮ್ಮದೇ ಸಂತೋಷ. ಪ್ರತಿ ಗೊಂಬೆಯೂ ಒಂದು ಸಣ್ಣ ಪ್ಲಾಸ್ಟಿಕ್ ಪೀಠದ ಮೇಲೆ ನಿಲ್ಲುತ್ತದೆ. ಅದನ್ನೇ ನಾವು ಬೇಸ್ ಎನ್ನುವುದು. ಆ ಪೀಠವನ್ನು ಮಣ್ಣು, ಕಲ್ಲು, ಹುಲ್ಲುಗಳಿಂದ ನೆಲವಾಗಿಸುವುದೇ ಬೇಸಿಂಗ್.

ಜನ ಕೈಬಿಡುವುದು ಇದನ್ನೇ. ಒಂದು ಮುಖಕ್ಕೆ ನಲವತ್ತು ನಿಮಿಷ ಕೊಡುವವರು ನೆಲಕ್ಕೆ ನಾಲ್ಕು ನಿಮಿಷ ಕೊಡುವುದಿಲ್ಲ. ನೆಲವೆಂದರೆ ಚಿತ್ರ ಮುಗಿದ ಮೇಲೆ ಹಾಕುವ ಚೌಕಟ್ಟು, ಹಾಕಿದರೆ ಚೆಂದ, ಹಾಕದಿದ್ದರೆ ನಷ್ಟವಿಲ್ಲ ಎಂಬ ಭಾವನೆ ಅವರಲ್ಲಿ ಬೇರೂರಿದೆ. ನನ್ನ ಜಗಳವಿರುವುದು ಈ ಭಾವನೆಯೊಡನೆ. ನೆಲವು ಕೊನೆಗೆ ಮಾಡುವ ಕೆಲಸವಲ್ಲ, ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದ ವಿಷಯ. ಈ ಸೈನ್ಯ ಎಲ್ಲಿ ನಿಂತಿದೆ? ಹಿಮದಲ್ಲೋ, ಕೆಸರಿನಲ್ಲೋ, ಎಲೆ ಉದುರಿದ ಕಾಡಿನಲ್ಲೋ? ಅದು ಗೊತ್ತಾಗದೆ ಅವರ ಬೂಟಿಗೆ ಯಾವ ಬಣ್ಣದ ಧೂಳು ಹಚ್ಚುತ್ತೀರಿ? ಕೆಂಪು ಅಂಗಿಯವರು ಹಸಿರು ಹುಲ್ಲಿನ ಮೇಲೆ ಎದ್ದು ಕಾಣುತ್ತಾರೆ, ಅವರೇ ಕೆಮ್ಮಣ್ಣಿನ ಮೇಲೆ ಮಂಕಾಗುತ್ತಾರೆ. ಕಪ್ಪು ಕವಚದವರನ್ನು ಹಿಮ ಎತ್ತಿ ತೋರಿಸುತ್ತದೆ. ಇದನ್ನೆಲ್ಲ ಬಣ್ಣದ ಮೊದಲ ಡಬ್ಬಿ ತೆರೆಯುವ ಮೊದಲೇ ಯೋಚಿಸಬೇಕು.

ಬೇಸಿಂಗ್‌ನಲ್ಲಿ ಎಷ್ಟು ಸೂಕ್ಷ್ಮವಿದೆ ಎನ್ನುವುದು ಕೈ ಹಾಕಿದವರಿಗೆ ಮಾತ್ರ ಗೊತ್ತು. ನಮ್ಮ ಗೊಂಬೆಗಳು ಸುಮಾರು 28 ಮಿಲಿಮೀಟರ್ ಅಳತೆಯವು. ಅಂದರೆ ಗೊಂಬೆಯ ಲೋಕದಲ್ಲಿ ಎಲ್ಲವೂ ಹೆಚ್ಚುಕಡಿಮೆ ಅರುವತ್ತರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ 1 ಮಿಲಿಮೀಟರಿನ ಮರಳಿನ ಕಾಳು ಆ ಸೈನಿಕನಿಗೆ 6 ಸೆಂಟಿಮೀಟರಿನ ಕಲ್ಲು, ಕೈಯಲ್ಲಿ ಹಿಡಿದು ಎಸೆಯುವಂಥದ್ದು. ನಮ್ಮ ಕಣ್ಣಿಗೆ ಏನೂ ಅಲ್ಲದ 5 ಮಿಲಿಮೀಟರಿನ ಹರಳು ಅವನಿಗೆ ಒಂದಡಿಯ ಬಂಡೆ. 2 ಮಿಲಿಮೀಟರ್ ಉದ್ದದ ಕೃತಕ ಹುಲ್ಲು ಅವನ ಕಣಕಾಲಿಗೆ ಬರುತ್ತದೆ, 6 ಮಿಲಿಮೀಟರಿನದು ಹೆಚ್ಚುಕಡಿಮೆ ಮೊಣಕಾಲಿನ ತನಕ. ಆದ್ದರಿಂದ ಒಂದೇ ಗಾತ್ರದ ಮರಳನ್ನು ಎಲ್ಲೆಡೆ ಸುರಿದರೆ ಅದು ನೆಲದಂತೆ ಕಾಣುವುದಿಲ್ಲ, ರಸ್ತೆ ಬದಿಯ ಜಲ್ಲಿ ರಾಶಿಯಂತೆ ಕಾಣುತ್ತದೆ. ನಯವಾದ ಮರಳು ಹೆಚ್ಚು, ದಪ್ಪ ಕಾಳು ಕಡಿಮೆ, ಹರಳು ಅಲ್ಲೊಂದು ಇಲ್ಲೊಂದು; ಅದೂ ಬೇಸಿನ ನಡುವಿನಲ್ಲಲ್ಲ, ಒಂದು ಮೂಲೆಗೆ. ನಿಜವಾದ ಬಯಲನ್ನು ನೋಡಿ ಕಲಿಯಬೇಕಾದ ವಿಷಯ ಇದು.

ನನಗೆ ಬಹಳ ಇಷ್ಟವಾದ ಒಂದು ಸಾಮಗ್ರಿಯ ಬಗ್ಗೆ ಹೇಳಲೇಬೇಕು. ಈ ಊರಿನ ಉತ್ತರಕ್ಕೆ ಶೆರ್‌ವುಡ್ ಕಾಡಿದೆ. ಅಲ್ಲಿ ಓಕ್ ಮರಗಳ ಜೊತೆಗೆ ಬರ್ಚ್ ಮರಗಳು ಹೇರಳವಾಗಿವೆ. ನಮ್ಮ ಬೀದಿಯ ಕೊನೆಯಲ್ಲೂ ಮೂರು ಬರ್ಚ್ ಮರಗಳಿವೆ. ಬೇಸಿಗೆಕಾಲ ಮುಗಿಯುವ ಹೊತ್ತಿಗೆ ಅದರ ಕೊಂಬೆಗಳಿಂದ ಹಿಪ್ಪಲಿಯಂತೆ ಕಾಣುವ ಪುಟ್ಟ ಕಂದು ಗೊಂಚಲುಗಳು ಜೋತಾಡುತ್ತವೆ. ಒಂದನ್ನು ಕಿತ್ತು ಬೆರಳ ನಡುವೆ ಉಜ್ಜಿದರೆ ಸಾಕು, ಪುಡಿಪುಡಿಯಾಗಿ ಅಂಗೈ ತುಂಬ ಉದುರುತ್ತದೆ. ಅದರಲ್ಲಿ ಬೀಜವನ್ನು ಊದಿ ಕಳೆದರೆ ಉಳಿಯುವುದು ಮೂರು ಹಾಲೆಯ ಸಣ್ಣ ಸಣ್ಣ ಚೂರುಗಳು. ಥೇಟ್ ಒಣಗಿದ ಎಲೆಯ ಆಕಾರ, ಗೊಂಬೆಯ ಅಳತೆಗೆ ಸರಿಯಾಗಿ ಹೊಂದುವ ಗಾತ್ರ. ಅದನ್ನು ಕೆಸರು ಬಣ್ಣದ ಬೇಸಿನ ಮೇಲೆ ಅಂಟಿಸಿ, ಕೆಲವಕ್ಕೆ ಕಿತ್ತಳೆ, ಕೆಲವಕ್ಕೆ ಹಳದಿಮಿಶ್ರಿತ ಕಂದು ತಾಗಿಸಿದರೆ, 25 ಮಿಲಿಮೀಟರಿನ ಚೌಕದೊಳಗೆ ಅಕ್ಟೋಬರ್ ತಿಂಗಳ ಇಡೀ ಇಂಗ್ಲೆಂಡ್ ಬಂದು ಕೂರುತ್ತದೆ. ನನ್ನ ಕುಳ್ಳರ ಸೈನ್ಯ ನಿಂತಿರುವುದು ಅಂಥ ನೆಲದ ಮೇಲೆ. ದುಡ್ಡು ಕೊಟ್ಟು ಕೊಂಡ ಯಾವ ಸಾಮಗ್ರಿಯೂ ನನಗೆ ಈ ತೃಪ್ತಿ ಕೊಟ್ಟಿಲ್ಲ.

ಅಂದಹಾಗೆ, ಹಿಮ ಮಾಡಲು ಅಡುಗೆ ಸೋಡಾ ಮತ್ತು ಸೂಪರ್ ಗ್ಲೂ ಬೆರೆಸುವವರಿಗೆ ಒಂದು ಮಾತು: ಬೇಡ. ಮೊದಲು ಬೆಳ್ಳಗೆ ಚೆನ್ನಾಗಿಯೇ ಕಾಣುತ್ತದೆ, ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ.

ಬೇಸಿಂಗ್ ಬೇಡ ಎನ್ನುವವರ ಬಳಿ ಒಂದು ಕಾರಣವಿದೆ, ಅದನ್ನೂ ಕೇಳಿದ್ದೇನೆ. ಕಂಪನಿ ಬೇಸಿನ ಅಳತೆಯನ್ನೇ ಬದಲಿಸುತ್ತಿರುತ್ತದೆ, ಹಾಗಿರುವಾಗ ಯಾಕೆ ಶ್ರಮ ಎನ್ನುತ್ತಾರೆ. ಇದರಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ಸುಮಾರು ಮೂವತ್ತು ವರ್ಷ ಚೌಕದ ಮೇಲೆ ನಿಂತಿದ್ದ ಸೈನ್ಯಗಳು, 2015ರಲ್ಲಿ ಹಳೆಯ ಆಟವನ್ನು ನಿಲ್ಲಿಸಿ ‘ಏಜ್ ಆಫ್ ಸಿಗ್ಮಾರ್’ ಎಂಬ ಹೊಸ ಆಟ ತಂದಾಗ, ದುಂಡು ಪೀಠಕ್ಕೆ ಹೋಗಬೇಕಾಯಿತು. 2024ರ ಜನವರಿಯಲ್ಲಿ ಹಳೆಯ ಆಟ ‘ಓಲ್ಡ್ ವರ್ಲ್ಡ್’ ಎಂಬ ಹೆಸರಿನಲ್ಲಿ ಮರಳಿ ಬಂದಾಗ ಮತ್ತೆ ಚೌಕವೇ ಬಂತು. ಆದರೆ ಹಿಂದೆ 20 ಮಿಲಿಮೀಟರಿನ ಮೇಲಿದ್ದ ಮನುಷ್ಯ ಕಾಲಾಳಿಗೆ 25 ಆಯಿತು, 25ರ ಮೇಲಿದ್ದ ಓರ್ಕ್‌ಗೆ 30 ಆಯಿತು. ಪಾದಗಳನ್ನು ಬ್ಲೇಡಿನಿಂದ ಬಿಡಿಸುವಾಗ ಕಾಲೇ ಮುರಿದ ಗೊಂಬೆಗಳನ್ನು ಹಿಡಿದು ಬೇಸರಪಟ್ಟವರು ನಮ್ಮ ಕ್ಲಬ್ಬಿನಲ್ಲೇ ಇದ್ದಾರೆ. ಅವರ ಕೋಪ ನ್ಯಾಯವಾದದ್ದು.

ಆದರೆ ಆ ಕೋಪಕ್ಕೂ ನೆಲವನ್ನು ಬರಿದಾಗಿ ಬಿಡುವುದಕ್ಕೂ ಏನು ಸಂಬಂಧ? ಮನೆ ಬಾಡಿಗೆಯದು, ಮುಂದೊಂದು ದಿನ ಬಿಡಬೇಕಾದೀತು ಎಂದು ಯಾರಾದರೂ ಅಂಗಳ ಗುಡಿಸುವುದನ್ನು ನಿಲ್ಲಿಸುತ್ತಾರೆಯೇ? ಇಂದು ಮೇಜಿನ ಮೇಲೆ ನಿಂತಿರುವ ಸೈನ್ಯ ಇಂದು ಎಲ್ಲೋ ಒಂದು ಕಡೆ ನಿಂತಿರಬೇಕು. ಅಳತೆ ಬದಲಾದರೆ ಬದಲಾದಾಗ ನೋಡಿಕೊಳ್ಳೋಣ. ಅಳತೆಯ ನೆಪ ಹೇಳುವವರಲ್ಲಿ ಹೆಚ್ಚಿನವರು 2015ಕ್ಕೆ ಮೊದಲೂ ಬೇಸ್ ಮಾಡಿದವರಲ್ಲ.

ಸಮಯವಿಲ್ಲ ಎನ್ನುವ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ನನ್ನ ಲೆಕ್ಕ ಹೇಳುತ್ತೇನೆ. ನಲವತ್ತು ಪೀಠಗಳಿಗೆ ಹಳೆಯ ಕುಂಚದಿಂದ ಪಿವಿಎ ಎಂಬ ಬಿಳಿ ಅಂಟು ಸವರಿ ಮರಳಿನ ಡಬ್ಬಿಯಲ್ಲಿ ಅದ್ದಿ ತೆಗೆಯಲು ಒಂದು ಗಂಟೆ. ರಾತ್ರಿಯಿಡೀ ಅದು ತಾನೇ ಒಣಗುತ್ತದೆ. ಮರುದಿನ ನೀರು ಬೆರೆಸಿದ ಅಂಟನ್ನು ಮೇಲೊಮ್ಮೆ ಹರಿಸಿದರೆ ಮರಳು ಉದುರುವುದಿಲ್ಲ. ಅದು ಒಣಗಿದ ಮೇಲೆ ಗಾಢ ಕಂದು ಬಣ್ಣ, ಅದರ ಮೇಲೆ ಸಂದುಗಳಿಗೆ ಇಳಿಯುವಂತೆ ತೆಳು ವಾಶ್, ಕೊನೆಗೆ ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ ಉಳಿದ ಧೂಳಿನಷ್ಟರಿಂದ ಮೇಲುಮೇಲೆ ಸವರುವ ಡ್ರೈಬ್ರಶ್. ಮರಳಿನ ಪ್ರತಿ ಕಾಳಿನ ತುದಿ ಬೆಳಗುವುದನ್ನು ನೋಡುವಾಗ ಆಗುವ ಖುಷಿ ಮುಖ ಬರೆದಾಗಲೂ ನನಗೆ ಆಗಿಲ್ಲ. ಅಲ್ಲಲ್ಲಿ ಹುಲ್ಲಿನ ಪೊದೆ ಅಂಟಿಸಿ, ಅಂಚನ್ನು ಒಂದೇ ಬಣ್ಣದಲ್ಲಿ ಶುದ್ಧವಾಗಿ ಬಳಿದರೆ ಮುಗಿಯಿತು. ಕೈ ದುಡಿದದ್ದು ಎಲ್ಲ ಸೇರಿ ಒಂದು ಸಂಜೆಯಷ್ಟು ಹೊತ್ತು. ಮೂರು ವರ್ಷದಲ್ಲಿ ಆ ಒಂದು ಸಂಜೆ ಸಿಗಲಿಲ್ಲವೆಂದರೆ ನಾನು ನಂಬಬೇಕೆ?

ಕಂಪನಿಯವರೇ ‘ವಾರ್‌ಹ್ಯಾಮರ್ 40,000’ ಎಂಬ ತಮ್ಮ ಇನ್ನೊಂದು ಆಟದಲ್ಲಿ 2020ರಲ್ಲಿ ಬಣ್ಣ ಹಚ್ಚಿದ ಸೈನ್ಯಕ್ಕೆ 100ರಲ್ಲಿ 10 ಅಂಕ ಇಟ್ಟರು, ಆ ಅಂಕಕ್ಕೆ ಬೇಸ್ ಕೂಡ ಮುಗಿದಿರಬೇಕಿತ್ತು. ಅಂಕಕ್ಕಾಗಿ ಒಂದು ಪಟ್ಟೆ ಕಂದು ಬಳಿದು ತರುವವರೂ ಇದ್ದಾರೆ. ಆದರೂ ಏನೂ ಇಲ್ಲದ್ದಕ್ಕಿಂತ ಅದು ವಾಸಿ.

ಈ ವಿಷಯದಲ್ಲಿ ನನಗೆ ಇಷ್ಟೊಂದು ಸಿಟ್ಟು ಯಾಕೆ ಬರುತ್ತದೆ ಎಂದು ನಿನ್ನೆ ರಾತ್ರಿ ಯೋಚಿಸಿದೆ. ಮೈಸೂರಿನ ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುವುದಕ್ಕೆ ವಾರ ಮೊದಲೇ ಅಮ್ಮ ಹಳೆಯ ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಿದ್ದಳು. ಹಬ್ಬದ ಹೊತ್ತಿಗೆ ಬೆರಳುದ್ದ ಪೈರು ಎದ್ದು, ಮೆಟ್ಟಿಲುಗಳ ಕೆಳಗೆ ಹಸಿರು ಪಾರ್ಕು ಸಿದ್ಧವಾಗುತ್ತಿತ್ತು. ಒಡೆದ ಕನ್ನಡಿಯ ಚೂರು ಕೊಳವಾಗುತ್ತಿತ್ತು, ಮರಳು ದಾರಿಯಾಗುತ್ತಿತ್ತು. ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ ಸುಮ್ಮನೆ ಕೂರುತ್ತಿದ್ದವು, ನಾವು ಮಕ್ಕಳೆಲ್ಲ ಕೆಳಗಿನ ಪಾರ್ಕಿನ ಮುಂದೆಯೇ ಕೂರುತ್ತಿದ್ದೆವು. ಒಂದು ವರ್ಷ ಮಳೆ ಹಿಡಿದು ರಾಗಿ ಕೊಳೆತುಹೋಯಿತು. ಈ ಸಲ ಪಾರ್ಕು ಬೇಡ ಬಿಡಮ್ಮ ಎಂದೆ. “ಗೊಂಬೆ ಅಂದಮೇಲೆ ಅದು ಒಂದು ಊರಲ್ಲಿ ಇರಬೇಕು ಕಣೇ, ಸುಮ್ಮನೆ ಹಲಗೆ ಮೇಲೆ ನಿಲ್ಲಿಸಿದರೆ ಅಂಗಡಿ ಆಗುತ್ತೆ” ಎಂದು ಹೇಳಿ, ಅವತ್ತೇ ಸಂಜೆ ಮತ್ತೆ ರಾಗಿ ನೆನೆಹಾಕಿದಳು.

ಇನ್ನೊಂದು ಮಾತು, ಇದನ್ನು ಈವರೆಗೆ ಇಲ್ಲಿ ಬರೆದಿರಲಿಲ್ಲ. ಈ ದೇಶಕ್ಕೆ ಬಂದ ಮೊದಲ ನಾಲ್ಕು ವರ್ಷ ನನ್ನ ಕುಳ್ಳರೂ ಕರಿ ಪ್ಲಾಸ್ಟಿಕ್ಕಿನ ಮೇಲೆಯೇ ನಿಂತಿದ್ದರು. ಬಣ್ಣವೆಲ್ಲ ಮುಗಿದಿತ್ತು. ಆಗ ನಮ್ಮ ಮನೆಯ ಗೋಡೆಗೂ ಒಂದು ಮೊಳೆ ಹೊಡೆದಿರಲಿಲ್ಲ, ಊರಿನಿಂದ ತಂದ ಎರಡು ಪೆಟ್ಟಿಗೆ ಬಿಚ್ಚಿರಲಿಲ್ಲ. ಎಲ್ಲದಕ್ಕೂ ಆಮೇಲೆ, ಆಮೇಲೆ. ಒಂದು ಸೆಪ್ಟೆಂಬರಿನಲ್ಲಿ ಬೀದಿಯ ಬರ್ಚ್ ಮರದ ಕೆಳಗೆ ಕಾರಿನ ಗಾಜಿನ ಮೇಲೆ ಉದುರಿದ್ದ ಆ ಪುಟ್ಟ ಎಲೆಗಳನ್ನು ನೋಡಿ, ಕೈವಸ್ತ್ರದಲ್ಲಿ ಒಂದಷ್ಟು ಗುಡಿಸಿಕೊಂಡು ಬಂದೆ. ಅವತ್ತು ರಾತ್ರಿ ಹನ್ನೆರಡು ಕುಳ್ಳರಿಗೆ ನೆಲ ಮಾಡಿದೆ. ಅವರನ್ನು ಒಟ್ಟಿಗೆ ಟ್ರೇಯಲ್ಲಿ ಸಾಲಾಗಿ ನಿಲ್ಲಿಸಿದಾಗ ಪೀಠಕ್ಕೆ ಪೀಠ ಕೂಡಿ, ಹನ್ನೆರಡು ಚೂರು ನೆಲ ಒಂದೇ ಕಾಡಾಯಿತು. ಅದುವರೆಗೆ ಚದುರಂಗದ ಕಾಯಿಗಳಂತಿದ್ದವರು ಅಂದು ಮೊದಲ ಸಲ ಎಲ್ಲಿಂದಲೋ ನಡೆದು ಬಂದು ನಿಂತವರಂತೆ ಕಂಡರು. ನಾನು ಅತ್ತೆ. ಯಾಕೆಂದು ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳಲಾರೆ.

ಆದ್ದರಿಂದಲೇ ಆ ನಲವತ್ತು ಈಟಿಗಾರರು ನನ್ನನ್ನು ಇಷ್ಟು ಕಾಡುತ್ತಿದ್ದಾರೆ. ಆ ಕಣ್ಣು, ಆ ತುಟಿ, ಆ ಚಿನ್ನದ ಗೆರೆ ನನ್ನ ಕೈಯಲ್ಲಿ ಇನ್ನು ಹತ್ತು ವರ್ಷ ಕಳೆದರೂ ಬರುವುದಿಲ್ಲ. ಅಂಥ ಕೈ ಇರುವವರು ತಮ್ಮ ಸೈನಿಕರಿಗೆ ನಿಲ್ಲಲು ಜಾಗ ಕೊಡದೆ ಅವರನ್ನು ಯುದ್ಧಕ್ಕೆ ಕಳಿಸುತ್ತಿದ್ದಾರೆ.

ಇವತ್ತು ಬೆಳಗ್ಗೆ ಅವರಿಗೆ ಸಂದೇಶ ಕಳಿಸಿದ್ದೇನೆ. ಶನಿವಾರ ಮನೆಗೆ ಬನ್ನಿ, ಈಟಿಗಾರರನ್ನೆಲ್ಲ ತನ್ನಿ, ಅಂಟು, ತೊಳೆದು ಒಣಗಿಸಿದ ಮರಳು, ಕುಂಚ ಎಲ್ಲ ನನ್ನಲ್ಲಿದೆ ಎಂದು ಬರೆದೆ. ಬರ್ಚ್ ಎಲೆಗಳ ಒಂದು ಡಬ್ಬಿಯನ್ನು ಅವರಿಗೆಂದೇ ತೆಗೆದಿರಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.