ಗಾಜಿನ ಗುಂಡು ಮತ್ತು ಗಿಳಿಯ ಬಾಲ

ಎಲ್ಲ ಶುರುವಾಗಿದ್ದು ಯಾರೋ ತೆಗೆದ ಒಂದು ಫೋಟೋದಿಂದ. ಕಡಲ ದಂಡೆ, ಮರಳ ಮೇಲೊಂದು ಗಾಜಿನ ಗುಂಡು, ಆ ಗುಂಡಿನೊಳಗೆ ಇಡೀ ಸೂರ್ಯಾಸ್ತ. ನೋಡುತ್ತಾ ಕೂತೆ. ನನ್ನ ಹತ್ತಿರ ಕಡಲಿರಲಿಲ್ಲ, ಆದರೆ ಕಿಟಕಿ ಇತ್ತು. ಕಿಟಕಿಯಾಚೆ ಎರಡು ಮರವೂ ಇದ್ದವು. ಇಷ್ಟು ಸಾಕು ಅನ್ನಿಸಿತು.

ಗುಂಡು ಬಂತು. ಅಡ್ಡಳತೆ 80 ಮಿಲಿಮೀಟರ್, ತೂಕ ಸುಮಾರು 670 ಗ್ರಾಂ. ಹೆಸರಿಗೆ ಕ್ರಿಸ್ಟಲ್ ಬಾಲ್, ಆದರೆ ಸ್ಫಟಿಕವೇನಲ್ಲ, ಲೆನ್ಸ್ ಮಾಡುವ ಜಾತಿಯ ಗಾಜು. ಜೊತೆಗೆ ಒಂದು ಕಪ್ಪು ಚೀಲ ಕೊಟ್ಟಿದ್ದರು. ಚೀಲ ಯಾಕೆ ಅಂತ ನಾನು ಯೋಚಿಸಲಿಲ್ಲ. ಅದರಲ್ಲಿ ಮಗಳು ಬಣ್ಣದ ಪೆನ್ಸಿಲ್ ತುಂಬಿಕೊಂಡಳು.

ಆ ವಾರ ಮನೆಗೆ ಬಂದವರೆಲ್ಲ ಒಂದೇ ಜೋಕು ಮಾಡಿದರು. "ಏನು, ಭವಿಷ್ಯ ಹೇಳೋಕೆ ಶುರು ಮಾಡಿದ್ರಾ?" ಪ್ರತಿಯೊಬ್ಬರಿಗೂ ಅದು ತಮಗೇ ಮೊದಲು ಹೊಳೆದದ್ದು ಅನ್ನುವ ಖುಷಿ. ಹೆಂಡತಿ ಮಾತ್ರ ಹಾಗೆ ಕೇಳಲಿಲ್ಲ. ಅವಳಿಗೆ ಗುಂಡಿನ ಸಹಾಯವಿಲ್ಲದೆಯೇ ಭವಿಷ್ಯ ಕಂಡಿತ್ತು. ಗುಂಡನ್ನು ಕೈಯಲ್ಲಿ ತೂಗಿ ನೋಡಿ, "ಇದು ಎಲ್ಲಿಂದ ಬೀಳುತ್ತೆ?" ಅಂದಳು.

ಮೇಜಿನಿಂದ ಬಿತ್ತು. ಮೇಜು ಮಟ್ಟಸವಾಗಿದೆ ಅಂತ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಗುಂಡು ಇಟ್ಟೆ. ಅದು ಎರಡು ಸೆಕೆಂಡು ಸುಮ್ಮನಿತ್ತು. ಏನೋ ಯೋಚನೆ ಮಾಡುತ್ತಿರುವ ಹಾಗೆ. ಆಮೇಲೆ ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ಎಡಕ್ಕೆ ಹೊರಟಿತು. ನಾನು ಕ್ಯಾಮೆರಾ ಕೆಳಗಿಟ್ಟು ಕೈ ಚಾಚುವಷ್ಟರಲ್ಲಿ ಅಂಚು ದಾಟಿತ್ತು. ನೆಲದ ಟೈಲ್ಸ್‌ನ ಮೂಲೆ ಚಕ್ಕೆ ಎದ್ದಿತು, ಗುಂಡಿಗೆ ಏನೂ ಆಗಲಿಲ್ಲ. ಅಂದೇ ಸಂಜೆ ಮನೆಯ ಎಲ್ಲ ಕಡೆ ಗುಂಡಿಟ್ಟು ಪರೀಕ್ಷೆ ಮಾಡಿದೆ. ನಮ್ಮ ಮನೆಯಲ್ಲಿ ಮಟ್ಟಸವಾದ ಜಾಗ ಒಂದೂ ಇಲ್ಲ. ಇದನ್ನು ಕಟ್ಟಿದವರಿಗೆ ಹೇಳೋಣ ಅಂದರೆ, ಹೇಗೆ ಗೊತ್ತಾಯಿತು ಅಂತ ಕೇಳಿದರೆ ಏನು ಹೇಳಲಿ?

ಉರುಳದಂತೆ ಕೆಳಗೆ ಏನಾದರೂ ಚಿಕ್ಕ ಬಳೆಯಂಥದ್ದು ಇಡಬೇಕು. ಬಾಟಲಿ ಮುಚ್ಚಳ ಇಟ್ಟು ನೋಡಿದೆ, ಫೋಟೋದಲ್ಲಿ ಅದು ಎದ್ದು ಕಾಣುತ್ತಿತ್ತು. ಸಿಂಕಿನ ಪಕ್ಕ ಒಂದು ಉಂಗುರ ಸಿಕ್ಕಿತು. ಗುಂಡು ಅದರ ಮೇಲೆ ಅಲುಗಾಡದೆ ಕೂತಿತು. ಭಾರಿ ಖುಷಿಯಾಯಿತು. ಉಂಗುರ ಯಾರದು ಅನ್ನುವುದು ತಲೆಗೇ ಬರಲಿಲ್ಲ.

ಇನ್ನು ಫೋಟೋ. ಗುಂಡಿನಲ್ಲಿ ಮರ ಕಂಡಿತು, ಆಕಾಶ ಕಂಡಿತು, ಎಲ್ಲ ತಲೆಕೆಳಗೆ. ಗುಂಡು ದಪ್ಪ ಲೆನ್ಸ್ ಇದ್ದ ಹಾಗೆ. ಮೇಲಿನಿಂದ ಬಂದ ಬೆಳಕನ್ನು ಕೆಳಕ್ಕೆ ಬಗ್ಗಿಸುತ್ತದೆ, ಕೆಳಗಿನದನ್ನು ಮೇಲಕ್ಕೆ. ಅದಕ್ಕೇನು, ಫೋಟೋವನ್ನೇ ತಿರುಗಿಸಿದರಾಯಿತು, ಎಲ್ಲರೂ ಹಾಗೇ ಮಾಡುತ್ತಾರೆ. ತಿರುಗಿಸಿದೆ. ಮರಗಳು ನೆಟ್ಟಗೆ ನಿಂತವು. ಚೆನ್ನಾಗಿದೆ ಅನ್ನಿಸಿ ಕುಟುಂಬದ ಗ್ರೂಪಿಗೆ ಹಾಕಿದೆ.

ಐದು ನಿಮಿಷಕ್ಕೆ ಹೆಂಡತಿಯ ತಮ್ಮನಿಂದ ಒಂದೇ ಸಾಲು ಬಂತು. "ಭಾವ, ಬನಿಯನ್ ತೂತಾಗಿದೆ."

ಹಿಗ್ಗಿಸಿ ನೋಡಿದೆ. ಗುಂಡಿನ ಹೊರಮೈ ಕನ್ನಡಿಯೂ ಹೌದು ಅನ್ನುವುದು ನನಗೆ ಮರೆತೇ ಹೋಗಿತ್ತು. ಒಳಗಿನ ಮರ ತಲೆಕೆಳಗಾದರೂ ಹೊರಮೈಯಲ್ಲಿ ಕಾಣುವ ನಾನು ನೆಟ್ಟಗೇ ಇದ್ದೆ. ಮರ ಸರಿಯಾಗಲಿ ಅಂತ ಫೋಟೋ ತಿರುಗಿಸಿದಾಗ ನಾನು ತಲೆಕೆಳಗಾದೆ. ಎರಡು ಸುಂದರ ಮರಗಳ ನಡುವೆ, ಬನಿಯನ್ ಹಾಕಿದ ಒಂದು ಬಾವಲಿ ಫೋನ್ ಹಿಡಿದು ನೇತಾಡುತ್ತಿತ್ತು. ಆಮೇಲಿನಿಂದ ಕಪ್ಪು ಅಂಗಿ ಹಾಕಿಕೊಂಡು, ಹಿಂದಿನ ದೀಪ ಆರಿಸಿಯೇ ಫೋಟೋ ತೆಗೆದೆ. ಹೀಗೆ ಮಾಡಿದರೆ ನಿಜವಾಗಿಯೂ ಪ್ರತಿಬಿಂಬ ಕಡಿಮೆಯಾಗುತ್ತದೆ. ಗ್ರೂಪಿನಲ್ಲಿ ಮಾತ್ರ ನನ್ನ ಹೆಸರು ಬಾವಲಿ ಭಾವ ಅಂತಲೇ ಉಳಿಯಿತು.

ಮುಂದಿನ ಕಾಟ ಫೋಕಸ್ಸಿನದು. ಕ್ಯಾಮೆರಾ ಒಮ್ಮೆ ಪರದೆಯನ್ನು ಹಿಡಿಯುತ್ತೆ, ಒಮ್ಮೆ ಗುಂಡಿನ ಮೇಲಿನ ನನ್ನ ಬೆರಳಚ್ಚನ್ನು. ಬೆರಳಚ್ಚು ಎಷ್ಟು ಸ್ಪಷ್ಟವಾಗಿ ಬಂದಿತ್ತು ಅಂದರೆ ಯಾವ ಪೊಲೀಸರಿಗೂ ಕೊಡಬಹುದಿತ್ತು. ಅರವತ್ತು ಫೋಟೋ ಹಾಳಾದ ಮೇಲೆ ಕೂತು ಲೆಕ್ಕ ಹಾಕಿದೆ. ದೂರದ ಮರದ ಚಿತ್ರ ಗುಂಡಿನ ಒಳಗಿದೆ ಅಂತ ನಮಗೆ ಕಾಣುವುದು ಸುಮ್ನೆ. ಅದು ಮೂಡುವುದು ಗುಂಡಿನಿಂದ ಹೊರಗೆ, ಕ್ಯಾಮೆರಾ ಇರುವ ಕಡೆ, ಗಾಜಿನಿಂದ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ಈಚೆಗೆ. ಅಲ್ಲಿಗೆ ಫೋಕಸ್ ಮಾಡಬೇಕು, ಅಂದರೆ ಬರೀ ಗಾಳಿಗೆ. ಅದನ್ನು ಕೈಯಲ್ಲೇ ಹೊಂದಿಸಿದೆ. ಬಂತು ನೋಡಿ ಫೋಟೋ! ಎಲೆ ಎಲೆ ಎಣಿಸಬಹುದಿತ್ತು.

ಅದೇ ಹೊತ್ತಿಗೆ ಮನೆಯಲ್ಲಿ ಎರಡು ದಿನದಿಂದ ಉಂಗುರದ ಹುಡುಕಾಟ ನಡೆದಿತ್ತು. ನಾನೂ ಹುಡುಕಿದ್ದೆ. ಟಾರ್ಚ್ ಹಿಡಿದು ಮಂಚದ ಕೆಳಗೆ ಮಲಗಿ, ಸಿಂಕಿನ ಪೈಪು ಬಿಚ್ಚಿಸಬೇಕಾ ಅಂತಲೂ ಕೇಳಿದ್ದೆ. ಅಷ್ಟು ಪ್ರಾಮಾಣಿಕವಾಗಿ ಮರೆತಿದ್ದೆ. ಹೊಸ ಫೋಟೋ ತೋರಿಸಿದಾಗ ಹೆಂಡತಿ ಮರ ನೋಡಲಿಲ್ಲ, ಎಲೆ ನೋಡಲಿಲ್ಲ. ಎರಡು ಬೆರಳಲ್ಲಿ ಕೆಳಭಾಗ ಹಿಗ್ಗಿಸಿದಳು. "ಇದೇನ್ರೀ ಇದು, ಹಳದಿ?" ಮುಂದಿನ ಅರ್ಧ ಗಂಟೆಯನ್ನು ಇಲ್ಲಿ ಬರೆಯುವುದಿಲ್ಲ.

ಉಂಗುರ ವಾಪಸ್ ಕೊಟ್ಟೆ. ಅದರ ಜಾಗಕ್ಕೆ ಮಗಳು ತನ್ನ ಜಡೆಯ ರಬ್ಬರ್ ಬ್ಯಾಂಡ್ ಒಂದನ್ನು ಧಾರಾಳವಾಗಿ ಕೊಟ್ಟಳು. ಗುಂಡನ್ನು ಕಿಟಕಿ ಪಕ್ಕದ ಟೀಪಾಯಿ ಮೇಲೆ ಇಟ್ಟು, ಸ್ನಾನ ಮುಗಿಸಿ ಬಂದು ಇನ್ನೊಂದಿಷ್ಟು ಫೋಟೋ ತೆಗೆಯೋಣ ಅಂತ ಹೋದೆ. ಟೀಪಾಯಿ ಮೇಲೆ ಕಡುನೀಲಿ ಬಟ್ಟೆ ಹಾಸಿತ್ತು. ಅತ್ತೆ ಸ್ವಂತ ಕೈಯಿಂದ ಗಿಳಿಗಳ ಕಸೂತಿ ಹಾಕಿ ಕೊಟ್ಟಿದ್ದು.

"ರೀ, ಏನೋ ಸುಟ್ಟ ವಾಸನೆ!"

ಆ ಎರಡು ಸೆಂಟಿಮೀಟರ್ ಲೆಕ್ಕ ನೆನಪಿದೆಯಲ್ವಾ? ಮರದ ಚಿತ್ರ ಎಲ್ಲಿ ಮೂಡುತ್ತದೋ ಸೂರ್ಯನ ಚಿತ್ರವೂ ಅಲ್ಲೇ ಮೂಡುತ್ತದೆ. ಬರೀ ಚಿತ್ರವಲ್ಲ, ಬಿಸಿಯ ಸಮೇತ. ಓಡಿ ಬಂದು ನೋಡಿದರೆ ಗುಂಡಿನ ಬುಡದಿಂದ ನೂಲಿನಂಥ ಹೊಗೆ ಏಳುತ್ತಿತ್ತು. ಬಟ್ಟೆಯ ಮೇಲೆ ಕಣ್ಣು ಕುಕ್ಕುವ ಒಂದು ಚುಕ್ಕೆ, ಅದರ ಹಿಂದೆ ಕಪ್ಪು ಗೀರು. ಸೂರ್ಯ ಸರಿದ ಹಾಗೆ ಚುಕ್ಕೆಯೂ ಸರಿದಿತ್ತು. ಒಂದು ಗಿಳಿಯ ಬಾಲ ಅರ್ಧ ಹೋಗಿತ್ತು. ಚೀಲ ಕೊಟ್ಟಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ಹೆಂಡತಿಯನ್ನು ಸಮಾಧಾನ ಮಾಡಲು, ಇದು ನನ್ನೊಬ್ಬನ ದಡ್ಡತನವಲ್ಲ, ವಿಜ್ಞಾನ ಅಂತ ವಿವರಿಸಿದೆ. 1853ರಲ್ಲಿ ಜಾನ್ ಫ್ರಾನ್ಸಿಸ್ ಕ್ಯಾಂಪ್‌ಬೆಲ್ ಎಂಬವರು ಮರದ ಬಟ್ಟಲಿನಲ್ಲಿ ಗಾಜಿನ ಗುಂಡಿಟ್ಟು, ಬಿಸಿಲು ಸುಟ್ಟ ಗುರುತಿನಿಂದ ಆ ದಿನ ಎಷ್ಟು ಹೊತ್ತು ಬಿಸಿಲಿತ್ತು ಅಂತ ಅಳೆದರು. 1879ರಲ್ಲಿ ಜಾರ್ಜ್ ಸ್ಟೋಕ್ಸ್ ಅದನ್ನು ಸುಧಾರಿಸಿ, ಸುಡುವುದಕ್ಕೆ ಬೇರೆಯೇ ಒಂದು ಕಾರ್ಡ್ ಸಿಗಿಸುವ ಹಾಗೆ ಮಾಡಿದರು. ಹವಾಮಾನ ಕೇಂದ್ರಗಳಲ್ಲಿ ಈ ಉಪಕರಣ ಎಷ್ಟೋ ಕಾಲ ನಡೆಯಿತು. ನಮ್ಮ ಟೀಪಾಯಿಯಲ್ಲೂ ಈಗ ಬೆಳಗಿನ ಬಿಸಿಲಿನ ದಾಖಲೆಯಿದೆ ಅಂದೆ.

"ಅವರು ಕಾರ್ಡ್ ಸುಟ್ಟರು," ಅಂದಳು. "ಭಾನುವಾರ ಅಮ್ಮ ಬರ್ತಿದ್ದಾರೆ."

ಬಟ್ಟೆ ತಿರುಗಿಸಿ ಹಾಸಿದೆವು. ಕಸೂತಿಯ ಹಿಂಬದಿ ಇನ್ನೂ ಅಧ್ವಾನವಾಗಿ ಕಂಡಿತು. ಬಟ್ಟೆಯನ್ನೇ ತೆಗೆದುಬಿಡೋಣ ಅಂದರೆ ಅತ್ತೆ ಬಂದ ತಕ್ಷಣ ನೋಡುವುದೇ ಅದನ್ನು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಟೀಪಾಯಿಯನ್ನು ಬಿಸಿಲು ಬಾರದ ಮೂಲೆಗೆ ಎಳೆದು, ರಬ್ಬರ್ ಬ್ಯಾಂಡ್ ಸಮೇತ ಗುಂಡನ್ನು ಸುಟ್ಟ ಜಾಗದ ಮೇಲೇ ಕೂರಿಸಿದೆ. ಅಲಂಕಾರಕ್ಕೆ ಇಟ್ಟ ಹಾಗೂ ಆಯಿತು, ಗೀರು ಮುಚ್ಚಿದ ಹಾಗೂ ಆಯಿತು.

ಭಾನುವಾರ ಅತ್ತೆ ಬಂದರು, ಕೂತರು, ಬಗ್ಗಿ ಗುಂಡನ್ನು ಮೇಲಿನಿಂದ ನೋಡಿದರು. ದೂರದ ವಸ್ತುವನ್ನು ತಲೆಕೆಳಗು ಮಾಡುವ ಗುಂಡು, ತನಗೆ ಅಂಟಿಕೊಂಡ ವಸ್ತುವಿಗೆ ಭೂತಗನ್ನಡಿಯಾಗುತ್ತದೆ ಅನ್ನುವುದನ್ನು ನಾನು ಎಣಿಸಿರಲಿಲ್ಲ. ಅರ್ಧ ಬಾಲದ ಗಿಳಿ, ಪಕ್ಕದ ಕಪ್ಪು ಗೀರು, ಸುಟ್ಟ ನೂಲಿನ ಒಂದೊಂದು ಎಳೆ, ಎಲ್ಲ ಮೂರು ಪಟ್ಟು ದೊಡ್ಡದಾಗಿ ಕಾಣುತ್ತಿದ್ದವು. ಅಷ್ಟು ದಿನದಲ್ಲಿ ಆ ಗುಂಡಿನೊಳಗೆ ನೆಟ್ಟಗೆ ಕಂಡ ಚಿತ್ರ ಅದೊಂದೇ.