ಡಾ. ಸೆಲ್ಫ್ ಅವರಿಗೆ ಏಲಕ್ಕಿ ಮಾಲೆ

ನವೆಂಬರ್ ಬಂತು ಅಂದರೆ ರಾಜ್ಯೋತ್ಸವದ ಫ್ಲೆಕ್ಸ್ ಇಳಿಯುವ ಮೊದಲೇ ಜಾಗೃತಿಯ ಫ್ಲೆಕ್ಸ್ ಏರುತ್ತದೆ. 18ರಿಂದ 24ರ ತನಕ ಜಗತ್ತಿಗೆಲ್ಲ ಆಂಟಿಬಯೋಟಿಕ್‌ಗೂ ಬಗ್ಗದ ರೋಗಾಣುಗಳ ಬಗ್ಗೆ ಜಾಗೃತಿ ಸಪ್ತಾಹ. ನಮ್ಮಲ್ಲಿ ಸಪ್ತಾಹ ಅಂದರೆ ಜಾಥಾ, ಜಾಥಾ ಅಂದರೆ ಹೈಸ್ಕೂಲ್ ಹುಡುಗರು. ‘ವೈದ್ಯರ ಸಲಹೆ ಇಲ್ಲದೆ ಔಷಧ ಬೇಡ’ ಎಂಬ ಫಲಕ ಹಿಡಿದು ಬಿಸಿಲಿನಲ್ಲಿ ಚೆನ್ನಮ್ಮ ಸರ್ಕಲ್ ಸುತ್ತುತ್ತಾರೆ. ಹಸಿರು ನಿಶಾನೆ ತೋರಿಸಿದವರು ಫೋಟೊ ಮುಗಿದ ಕೂಡಲೇ ಎ.ಸಿ. ಕಾರು ಹತ್ತುತ್ತಾರೆ. ಮರುದಿನದ ಪೇಪರಿನಲ್ಲಿ ನಿಶಾನೆ ಕಾಣುತ್ತದೆ, ಹುಡುಗರು ಕಾಣುವುದಿಲ್ಲ. ನೀವೂ ನೋಡಿರುತ್ತೀರಿ ಬಿಡಿ.

ಜಾಥಾ ಹೋಗುವ ದಾರಿಯುದ್ದಕ್ಕೂ ಮೆಡಿಕಲ್ ಅಂಗಡಿಗಳು. ಕೌಂಟರಿನ ಹುಡುಗ ಒಂದು ಕಣ್ಣಿನಲ್ಲಿ ಜಾಥಾ ನೋಡುತ್ತ, ಕೈಯಲ್ಲಿ ಸ್ಟ್ರಿಪ್ ಕತ್ತರಿಸುತ್ತಿರುತ್ತಾನೆ.

“ಮೈಕೈ ನೋವು, ಸ್ವಲ್ಪ ಜ್ವರಾ. ಒಂದ್ ಸೆಟ್ ಕೊಡ್ರಿ.”

“ಎಷ್ಟ್ ಹೊತ್ತಿಂದು?”

“ಮೂರ್ ಹೊತ್ತಿಂದು ಸಾಕ್ರಿ. ಪವರ್ ಇರೋದು ಕೊಡ್ರಿ ಮತ್ತ.”

ತಪಾಸಣೆ ಮುಗಿಯಿತು. ಒಂದು ಬಿಳಿ, ಒಂದು ಹಳದಿ, ಒಂದು ಕೆಂಪು ಕ್ಯಾಪ್ಸೂಲ್, ಜೊತೆಗೆ ಗ್ಯಾಸಿನ ಗುಳಿಗಿ. ಅದರಲ್ಲಿ ಆಂಟಿಬಯೋಟಿಕ್ ಯಾವುದು, ಸ್ಟಿರಾಯ್ಡ್ ಇದೆಯೋ ಇಲ್ಲವೋ, ನುಂಗುವವನಿಗೆ ಗೊತ್ತಿಲ್ಲ. ಜ್ವರದ ಗುಳಿಗಿಯಲ್ಲೂ ನೆಗಡಿಯ ಗುಳಿಗಿಯಲ್ಲೂ ಅದೇ ಪ್ಯಾರಾಸಿಟಮಾಲ್ ಇರಬಹುದು. ದೊಡ್ಡವರಿಗೂ ಅದು ದಿನಕ್ಕೆ 4 ಗ್ರಾಂ ಮೀರಬಾರದು, ಮೀರಿದರೆ ಲಿವರ್‌ಗೆ ಪೆಟ್ಟು. ಈ ಲೆಕ್ಕ ಇಡುವವರು ಯಾರು? ಆ ಕತ್ತರಿಯ ಕೈಚಳಕ ಮಾತ್ರ ನೋಡಲೇಬೇಕು. ಎಕ್ಸ್‌ಪೈರಿ ಡೇಟ್ ಯಾವಾಗಲೂ ಅಂಗಡಿಯ ತುಂಡಿನಲ್ಲೇ ಉಳಿಯುತ್ತದೆ!

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನು ಫಾರ್ಮಸಿಸ್ಟ್ ಅಲ್ಲ. ಫಾರ್ಮಸಿಸ್ಟ್ ಗೋಡೆಯ ಮೇಲಿದ್ದಾರೆ, ಸರ್ಟಿಫಿಕೇಟಾಗಿ ಚೌಕಟ್ಟಿನೊಳಗೆ, ದೇವರ ಫೋಟೊ ಪಕ್ಕದಲ್ಲಿ. ಇಬ್ಬರಿಗೂ ಸೇರಿ ಒಂದೇ ಊದಿನಕಡ್ಡಿ. ಡಾಕ್ಟರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟೇ ಕೊಡಬೇಕು ಅಂತ 1948ರ ಕಾಯ್ದೆ ಹೇಳುತ್ತದೆ, ಹೇಳುತ್ತಲೇ ಇದೆ. ಎಲ್ಲ ಅಂಗಡಿಗಳೂ ಹೀಗಲ್ಲ. ಚೀಟಿ ಇಲ್ಲದೆ ಕೊಡುವುದಿಲ್ಲ ಅನ್ನುವವರೂ ಇದ್ದಾರೆ. ಅವರನ್ನು ನಾವು ಸೊಕ್ಕಿನವರು ಅಂತ ಬೈದು ಪಕ್ಕದ ಅಂಗಡಿಗೆ ಹೋಗುತ್ತೇವೆ, ಅಲ್ವಾ?

ಬಿಲ್ ಕೇಳಿ ನೋಡಿ. ಕೊಟ್ಟರೆ, ಡಾಕ್ಟರ ಹೆಸರಿನ ಜಾಗದಲ್ಲಿ ‘ಸೆಲ್ಫ್’ ಅಂತ ಇರುತ್ತದೆ. ಎಂಥ ವೈದ್ಯರು ನೋಡಿ! ಹುಬ್ಬಳ್ಳಿಯಲ್ಲಿರುತ್ತಾರೆ, ಅದೇ ಹೊತ್ತಿಗೆ ಬೆಟಗೇರಿಯಲ್ಲೂ ರಾಣೆಬೆನ್ನೂರಿನಲ್ಲೂ ಇರುತ್ತಾರೆ. ಮಕ್ಕಳ ತಜ್ಞರೂ ಅವರೇ, ಹೃದಯ ತಜ್ಞರೂ ಅವರೇ. ಫೀಸಿಲ್ಲ, ಟೋಕನ್ ಇಲ್ಲ, ಭಾನುವಾರದ ರಜೆಯೂ ಇಲ್ಲ. ಡಾ. ಸೆಲ್ಫ್ ಅವರಿಗೆ ಹಾವೇರಿಯ ಏಲಕ್ಕಿ ಮಾಲೆ ಹಾಕಿ ಸನ್ಮಾನ ಮಾಡಬೇಕು. ಕೈಗೊಂದು ಧಾರವಾಡ ಪೇಡೆಯ ಡಬ್ಬಿ. ಶುಗರ್ ಇದ್ದರೂ ಚಿಂತೆಯಿಲ್ಲ, ಗುಳಿಗಿ ಅವರೇ ಬರೆದುಕೊಳ್ಳುತ್ತಾರೆ.

ಕಾನೂನು ಇಲ್ಲ ಅನ್ನಬೇಡಿ. 2014ರ ಮಾರ್ಚ್‌ನಿಂದ, ಚೀಟಿ ಇಲ್ಲದೆ ಮಾರಬಾರದ ಔಷಧಗಳ ಎಚ್-1 ಪಟ್ಟಿ ಜಾರಿಯಲ್ಲಿದೆ. ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್ ಮಾರಿದರೆ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಕೊಟ್ಟದ್ದೆಷ್ಟು, ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಬರೆಯುತ್ತಾರೆ ಕೂಡ. ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿ, ಒಂದೇ ಪೆನ್ನಿನಲ್ಲಿ. 2016ರಲ್ಲಿ ಕೇಂದ್ರದವರು ಕೆಂಪು ಗೆರೆಯ ಪ್ರಚಾರ ಶುರು ಮಾಡಿದರು: ಸ್ಟ್ರಿಪ್ಪಿನ ಮೇಲೆ ಗೆರೆ ಇದ್ದರೆ ಚೀಟಿ ಬೇಕು. ಜನ ಅದನ್ನು ಡಿಸೈನ್ ಅಂದುಕೊಂಡರು. ಗೆರೆ ಇದ್ದರೆ ಪವರ್ ಜಾಸ್ತಿ ಅನ್ನುವವರೂ ಇದ್ದಾರೆ.

ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಸಾಹೇಬರು 1945ರಲ್ಲಿ ನೊಬೆಲ್ ಭಾಷಣ ಮಾಡುತ್ತ ಒಂದು ಕತೆ ಹೇಳಿದ್ದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನ್ಸಿಲಿನ್ ಕೊಂಡು ಒಂದಿಷ್ಟು ತಗೊಳ್ಳುತ್ತಾನೆ. ರೋಗಾಣು ಸಾಯುವಷ್ಟಲ್ಲ, ಪಾಠ ಕಲಿಯುವಷ್ಟು. ಪಾಠ ಕಲಿತ ರೋಗಾಣು ಹೆಂಡತಿಗೆ ದಾಟುತ್ತದೆ. ಅವಳಿಗೆ ಪೆನ್ಸಿಲಿನ್ ನಾಟುವುದಿಲ್ಲ, ಸಾಯುತ್ತಾಳೆ. ಸಾಹೇಬರು ಆಗಲೇ ಹುಬ್ಬಳ್ಳಿಯ ದುರ್ಗದಬೈಲಿಗೆ ಬಂದು ಮಿರ್ಚಿ ತಿಂದು ಹೋಗಿದ್ದರೇನೋ ಅಂತ ನನಗೆ ಅನುಮಾನ.

ರಣಹದ್ದಿನ ವಿಷಯವನ್ನೂ ಹೇಳಿಬಿಡುತ್ತೇನೆ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧವನ್ನು ದನಗಳಿಗೆ ಕೊಡುತ್ತಿದ್ದರು. ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು, ಅವು ಸಾಲುಸಾಲಾಗಿ ಸತ್ತವು. 2006ರಲ್ಲಿ ದನಗಳಿಗೆ ಅದು ನಿಷೇಧವಾಯಿತು. ಮನುಷ್ಯರ ಇಂಜೆಕ್ಷನ್ನಿನ ದೊಡ್ಡ ಬಾಟಲಿ ಕೊಟ್ಟಿಗೆ ಸೇರುತ್ತಿದೆ ಅಂತ ಗೊತ್ತಾಗಿ, 2015ರಲ್ಲಿ ಅದನ್ನೂ 3 ಎಂ.ಎಲ್.ಗೆ ಇಳಿಸಿದರು. ಒಳ್ಳೆಯ ಕೆಲಸ, ವ್ಯಂಗ್ಯವಲ್ಲ. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲನಿಗೂ ಎರಡು ಕಿಡ್ನಿಗಳಿವೆ. ಸೀಸನ್ನಿನಲ್ಲಿ ದಿನಾ ಸಂಜೆ ನೋವಿನ ಗುಳಿಗಿ ನುಂಗಿಯೇ ಅವನು ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಕೈಕೊಡಬಹುದು. ಅವನು ಅಳಿವಿನಂಚಿನ ಪಟ್ಟಿಯಲ್ಲಿಲ್ಲ. ಹಮಾಲರು ಬೇಕಾದಷ್ಟು ಸಿಗುತ್ತಾರೆ.

ನಗು ಬರುತ್ತಿಲ್ಲ ಈಗ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರು. ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇತ್ತು. ಆಮೇಲೆ ದೆಹಲಿಯಿಂದ ಸಲಹೆ ಬಂತು, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಬೇಡ ಅಂತ. ಸರಿಯಾದ ಸಲಹೆಯೇ. ಆದರೆ ಆ ಸಿರಪ್ಪನ್ನು ಹಲವು ಮಕ್ಕಳಿಗೆ ಬರೆದುಕೊಟ್ಟವರು ಡಾ. ಸೆಲ್ಫ್ ಅಲ್ಲ, ನಿಜವಾದ ಡಾಕ್ಟರು. ವಿಷ ಸೇರಿದ್ದು ಕಾರ್ಖಾನೆಯಲ್ಲಿ. ಬುದ್ಧಿಮಾತು ಕೇಳಿಸಿಕೊಳ್ಳುವವರು ಮಾತ್ರ ತಾಯಂದಿರು.

‘ವೈದ್ಯರನ್ನು ಕಾಣಿ’ ಅಂತ ಬರೆಸುವುದು ಸುಲಭ. ಕೂಲಿಯವನು ಸರ್ಕಾರಿ ದವಾಖಾನೆಗೆ ಹೋದರೆ ಅವತ್ತಿನ ಕೂಲಿ ಹೋಯಿತು. ಬೆಳಿಗ್ಗೆ ಚೀಟಿಯ ಸಾಲು, ಆಮೇಲೆ ಡಾಕ್ಟರ ಸಾಲು, ಆಮೇಲೆ ಔಷಧದ ಸಾಲು. ಕೊನೆಯ ಕಿಟಕಿಯಲ್ಲಿ ‘ಇದು ಸ್ಟಾಕ್ ಇಲ್ಲ, ಹೊರಗ ತಗೋರಿ’. ಹೊರಗೆ ಬಂದು ಐದು ದಿನದ ಕೋರ್ಸಿನಲ್ಲಿ ಎರಡು ದಿನದ್ದು ಕೊಳ್ಳುತ್ತಾನೆ. ಅವನಿಗೆ ಜಾಗೃತಿ ಇಲ್ಲ ಅಂತೀರಾ? ಕಿಸೆಯಲ್ಲಿ ಇದ್ದದ್ದೇ ಅಷ್ಟು.